ಬಾವಿಗೇನೂ ಆಗಂಗಿಲ್ಲ

ನಮ್ಮ ಊರಿನಲ್ಲಿ ನೀರು ಸೇದುವಾಗ ಯಾರೂ ಮಾತಾಡುವುದಿಲ್ಲ. ಆಡಿದ ಮಾತನ್ನು ನೀರು ಇಟ್ಟುಕೊಳ್ಳುತ್ತದೆ. ಕೊಡದಿಂದ ತಂಬಿಗೆಗೆ, ತಂಬಿಗೆಯಿಂದ ಲೋಟಕ್ಕೆ ಬಗ್ಗಿಸುವಾಗ ಆಡಿದವರ ದನಿಯಲ್ಲೇ ಅದನ್ನು ತಿರುಗಿ ಹೇಳುತ್ತದೆ. ಬಾವಿಕಟ್ಟೆಯ ಮೇಲೆ ಯಾರ ಹೆಸರೂ ಎತ್ತಬಾರದು ಎಂಬುದನ್ನು ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ಹಗ್ಗ ಜಗ್ಗುತ್ತಾ ಅತ್ತೆಯನ್ನು ಬೈದು ಊಟದ ಹೊತ್ತಿಗೆ ಸಿಕ್ಕಿಬಿದ್ದ ಸೊಸೆಯರ ಕಥೆ ಓಣಿಗೆ ಎರಡಾದರೂ ಇವೆ. ಕುದಿಸಿದರೆ ಮಾತು ಹೋಗುತ್ತದೆ. ಆದರೆ ಕುದಿಸಿದ್ದನ್ನು ನಮ್ಮವರು ಸತ್ತ ನೀರು ಅನ್ನುತ್ತಾರೆ. ಚಹಾಕ್ಕೆ ಬಿಟ್ಟರೆ ಇನ್ಯಾವುದಕ್ಕೂ ಬಳಸುವುದಿಲ್ಲ.

ನಾನು ಅಲ್ಲಿನ ಪುರಸಭೆಯಲ್ಲಿ ನೀರಿನ ಕೆಲಸದವಳು. ಹೆಸರು ಕಸ್ತೂರಿ. ಹತ್ತೊಂಬತ್ತು ವರ್ಷ ವಾಲ್ವ್ ತಿರುಗಿಸಿದ್ದೇನೆ, ಟಾಕಿ ತೊಳೆಸಿದ್ದೇನೆ, ಬ್ಲೀಚಿಂಗ್ ಪುಡಿ ಕಲಸಿ ಕಲಸಿ ಅಂಗೈ ಸುಲಿಸಿಕೊಂಡಿದ್ದೇನೆ. ನೀರಿನ ವಿಷಯದಲ್ಲಿ ಊರು ನನ್ನ ಮಾತನ್ನು ನಂಬುತ್ತಿತ್ತು. ಕಸ್ತೂರಕ್ಕ ಕುಡಿ ಅಂದರೆ ಕುಡಿಯುತ್ತಿದ್ದರು, ಬೇಡ ಅಂದರೆ ಚೆಲ್ಲುತ್ತಿದ್ದರು. ಆ ನಂಬಿಕೆಯಿಂದ ಏನಾಯಿತು ಎಂಬುದನ್ನು ಹೇಳುತ್ತೇನೆ.

ಹೊಳೆಯ ಒಡ್ಡು ಒಡೆದ ವರ್ಷ ಕೆಳಗಿನ ಮೂರು ಹಳ್ಳಿಗಳ ಒಂಬೈನೂರು ಮಂದಿ ಒಂದೇ ಸಂಜೆ ನಮ್ಮ ಊರಿಗೆ ಹತ್ತಿ ಬಂದರು. ಅವರನ್ನು ಹತ್ತಿ ಮಾರುಕಟ್ಟೆಯ ಅಂಗಳದಲ್ಲಿ ಇಳಿಸಿದರು. ಹೊಳೆದಂಡೆಯಲ್ಲಿದ್ದ ನಮ್ಮ ಪಂಪುಮನೆ ಮುಳುಗಿತ್ತು, ಪೈಪುಗಳು ಕಿತ್ತುಹೋಗಿದ್ದವು. ಅಂಗಳದ ನಡುವಿನ ಕಲ್ಲುಕಟ್ಟಿನ ಬಾವಿಯೊಂದೇ ಉಳಿದಿತ್ತು. ಬಂದವರೂ ಅದನ್ನೇ ಕುಡಿಯಬೇಕು, ಮಾರುಕಟ್ಟೆಯ ಹಿಂದಿನ ನಮ್ಮ ಓಣಿಯವರೂ ಅದನ್ನೇ ಕುಡಿಯಬೇಕು.

ಮರುದಿನ ಬೆಳಿಗ್ಗೆ ನಾನು ಹೋದಾಗ ಮಳೆ ಜಿನುಗುತ್ತಿತ್ತು. ತಾಡಪತ್ರಿ ಕಟ್ಟುತ್ತಿದ್ದವರ ನಡುವಿನಿಂದ ಒಬ್ಬ ಮುದುಕಿ ನೇರ ನನ್ನ ಹತ್ತಿರ ಬಂದಳು. ಎತ್ತರದ ಹೆಣ್ಣು, ಹಣೆಯ ತುಂಬ ಹಚ್ಚೆ. ಫಕೀರವ್ವ ಅಂತ ಹೆಸರು. ಪಕ್ಕದಲ್ಲಿ ಮೂರು ತಿಂಗಳ ಕೂಸನ್ನು ಎದೆಗವಚಿಕೊಂಡ ಸೊಸೆ ಬಾಳವ್ವ ನಿಂತಿದ್ದಳು.

"ಸರಕಾರದಾಕಿ ನೀನೇನವ್ವಾ?" ಅಂದಳು ಮುದುಕಿ. "ಅನ್ನ ಆಮ್ಯಾಲೆ ಕೊಡ್ರಿ. ನಮ್ಮ ಹೆಣ್ಣುಮಕ್ಕಳು ನಿನ್ನೆ ಮುಂಜಾನಿಂದ ಹನಿ ನೀರು ಕುಡದಿಲ್ಲ. ಕುಡದ್ರ ಹೋಗಬೇಕಾಕ್ಕೈತಿ. ಎಲ್ಲಿ ಹೋಗೂದು, ಸುತ್ತೂ ಗಂಡಸರು ನಿಂತಾರ. ನನ್ನ ಸೊಸಿ ಎದಿಯಾಗ ಹಾಲು ಬತ್ತಾಕತ್ತೈತಿ."

ಬಾಳವ್ವ ನೆಲ ನೋಡುತ್ತಿದ್ದಳು. ಅವಳ ತುಟಿ ಒಣಗಿ ಬಿರಿದಿತ್ತು. ಬಾವಿ ಹತ್ತು ಹೆಜ್ಜೆಯಲ್ಲಿತ್ತು. ನೀರಿದ್ದೂ ಕುಡಿಯದ ಆ ತುಟಿಗಳನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಪಾಯಿಖಾನೆಯ ಗುಂಡಿ ಬಾವಿಯಿಂದ ನೂರಡಿಯಾದರೂ ದೂರವಿರಬೇಕು, ಬಾವಿಗಿಂತ ತಗ್ಗಿನಲ್ಲಿರಬೇಕು. ಇದನ್ನು ತರಬೇತಿಗಳಲ್ಲಿ ಬೇರೆಯವರಿಗೆ ಹೇಳಿಕೊಟ್ಟವಳೇ ನಾನು. ಆದರೆ ಅಂಗಳದ ತಗ್ಗಿನ ತುದಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಆಚೆ ಗೋದಾಮಿನ ಕಡೆ ಬರೀ ಹಾಸುಬಂಡೆ, ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಮೆತ್ತನೆಯ ಮಣ್ಣಿದ್ದದ್ದು ಬಾವಿಯ ಮೇಲುಗಡೆ, ನಲವತ್ತು ಅಡಿ ಈಚೆಗೆ. ಅದನ್ನೇ ತೋರಿಸಿದೆ. ಗುಂಡಿ ತೋಡಿಸುವ ಮೇಸ್ತ್ರಿ ಮೌಲಾಸಾಬ ತನ್ನ ಆರು ಆಳುಗಳೊಂದಿಗೆ ತಾಸಿನಲ್ಲಿ ಅಲ್ಲಿ ನಾಲ್ಕಡಿ ಇಳಿದಿದ್ದ. ಕೆಳಗೆ ಮಳೆಯ ನೀರು ಒಸರಿ ಅವನ ಹಿಮ್ಮಡಿ ಮುಳುಗಿತ್ತು. ಅವನು ತಲೆ ಎತ್ತಿ, "ಬಾವಿ ಭಾಳ ಹತ್ರ ಆತಲ್ರಿ ಅಕ್ಕಾರ," ಅಂದ. "ಹಾಸುಬಂಡಿ ದಾಟಿ ಆಚೆ ನೋಡೂಣೇನ್ರಿ? ನಾಳಿ ಮಧ್ಯಾಹ್ನದಾಗ ಮುಗಸತೀನಿ."

ನಾಳೆ ಮಧ್ಯಾಹ್ನ! ನಾನು ಗುಂಡಿಯ ಅಂಚಿನಿಂದ ಬಾಗಿ ಹೇಳಿದೆ: "ಇಲ್ಲೇ ತೋಡ್ರಿ ಮೌಲಾಸಾಬ. ಹೆಣ್ಣುಮಕ್ಕಳು ಎಷ್ಟೊತ್ತು ತಡಕೋಬೇಕು? ಬಾವಿಗೇನೂ ಆಗಂಗಿಲ್ಲ."

ಅವನು ಮತ್ತೆ ಗುದ್ದಲಿ ಎತ್ತಿದ. ನೀರಿನ ವಿಷಯದಲ್ಲಿ ನನ್ನೆದುರು ಮಾತಾಡುವ ರೂಢಿ ಊರಲ್ಲಿ ಯಾರಿಗೂ ಇರಲಿಲ್ಲ.

ಮಧ್ಯಾಹ್ನದೊಳಗೆ ಹತ್ತು ಪಾಯಿಖಾನೆಗಳು ಎದ್ದವು. ಸುತ್ತ ತಗಡು, ಮುಂದೆ ಗೋಣಿತಟ್ಟಿನ ಪರದೆ. ಹೆಂಗಸರ ಸಾಲು ಅಂಗಳದ ಅರ್ಧದವರೆಗೆ ಬೆಳೆಯಿತು. ಹೊರಗೆ ಬಂದ ಬಾಳವ್ವ ಸೀದಾ ಬಾವಿಗೆ ಹೋಗಿ, ಎರಡು ತಂಬಿಗೆ ನೀರನ್ನು ಉಸಿರು ತೆಗೆದುಕೊಳ್ಳದೆ ಕುಡಿದು ನನ್ನ ಕಡೆ ನೋಡಿ ನಕ್ಕಳು. ಅಂದು ನಾನು ಎಷ್ಟು ಹಿಗ್ಗಿದ್ದೆ ಎಂಬುದನ್ನು ಈಗ ನೆನೆಯಲಾರೆ.

ಬಂದವರಿಗೆ ನಮ್ಮ ನೀರಿನ ಗುಣ ಗೊತ್ತಿರಲಿಲ್ಲ. ಮೊದಲ ದಿನ ಲೋಟಗಳು ಕೈಜಾರಿ ಬಿದ್ದವು, ಮುದುಕರು ಕೈಮುಗಿದರು. ಮೂರನೆಯ ದಿನಕ್ಕೆ ರೂಢಿಯಾಯಿತು. ಅವರಿಗೆ ಬಾವಿಕಟ್ಟೆಯ ಮೇಲೆ ಸುಮ್ಮನಿರಲು ಬರುತ್ತಿರಲಿಲ್ಲ. ಮುಳುಗಿದ ಮನೆ, ಕಳೆದ ಎಮ್ಮೆ, ಸಿಗದ ತಮ್ಮ, ಎಲ್ಲವನ್ನೂ ಅಲ್ಲೇ ಆಡಿಕೊಳ್ಳುತ್ತಿದ್ದರು. ಹೀಗಾಗಿ ಅವರ ಕೊಡಗಳು ಯಾವಾಗಲೂ ಸಂತೆಯಂತೆ ಗದ್ದಲ ಮಾಡುತ್ತಿದ್ದವು. ಯಾರ ಮಾತು ಯಾವುದು ಎಂದು ತಿಳಿಯುತ್ತಿರಲಿಲ್ಲ.

ನಾನು ಸೋಪು ಹಂಚಿದೆ. ಕೊಡ ಮುಚ್ಚಿಡುವುದು, ಉದ್ದ ಹಿಡಿಕೆಯ ಸೌಟಿನಿಂದ ನೀರು ತೆಗೆಯುವುದು, ಗುಂಡಿಗೆ ಬೂದಿ ಹಾಕುವುದನ್ನು ಹೇಳಿಕೊಟ್ಟೆ. ಫಕೀರವ್ವ ನನ್ನ ಬಲಗೈಯಾದಳು. ತಾಡಪತ್ರಿಯಿಂದ ತಾಡಪತ್ರಿಗೆ ಹೋಗಿ, "ಕೈ ತೊಳಕೋರಿ, ಕಸ್ತೂರವ್ವ ಹೇಳ್ಯಾಳ," ಅನ್ನುತ್ತಿದ್ದಳು. ಕೆಲವರು ಗೋದಾಮಿನ ಸೂರಿನಿಂದ ಬೀಳುವ ಮಳೆನೀರು ಹಿಡಿಯುತ್ತಿದ್ದರು. ಅದನ್ನು ಚೆಲ್ಲಿಸಿದವಳೂ ಅವಳೇ. "ಸೂರಿನ ನೀರು ಯಾಕ? ಔಷಧ ಹಾಕಿದ ಬಾವಿ ಐತಿ, ಅದನ್ನ ಕುಡೀರಿ." ಬಾಳವ್ವ ನನ್ನಿಂದ ಕತ್ತರಿ ಇಸಿದುಕೊಂಡು ತನ್ನ ಉಗುರನ್ನೂ ಕೂಸಿನ ಉಗುರನ್ನೂ ಸಾಲಿನಲ್ಲಿದ್ದ ಎಲ್ಲ ಮಕ್ಕಳ ಉಗುರನ್ನೂ ಕತ್ತರಿಸಿದಳು.

ದಿನಾ ಮುಂಜಾನೆ ಬಾವಿಗೆ ಬ್ಲೀಚಿಂಗ್ ಪುಡಿ ನಾನೇ ಹಾಕುತ್ತಿದ್ದೆ. ವಾಸನೆ ಬಂದರೆ ಸಾಕು ಅಂದುಕೊಂಡೆ. ಕೊಳಕು ಹೆಚ್ಚಿದಷ್ಟೂ ಪುಡಿಯ ಬಲ ಅದರಲ್ಲೇ ಕರಗಿಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಬಾವಿಗೆ ಕೊಳಕು ಎಲ್ಲಿಂದ ಬರಬೇಕು ಅನ್ನುವ ಧೈರ್ಯ.

ಒಂಬತ್ತನೆಯ ದಿನ ಬೆಳಿಗ್ಗೆ ನಮ್ಮ ಓಣಿಯ ನೀಲಗಂಗಕ್ಕ ಕೊಡ ಹೊತ್ತು ನನ್ನ ಬಾಗಿಲಿಗೆ ಬಂದಳು. ಕೋಳಿ ಕೂಗುವ ಹೊತ್ತಿಗೆ, ಯಾರೂ ಏಳುವ ಮೊದಲು, ತುಟಿ ಬಿಚ್ಚದೆ ನೀರು ತರುವ ಹೆಂಗಸು ಅವಳು. ಮಡಿಯ ಮನುಷ್ಯಳು, ಬಾಯಿ ಸ್ವಲ್ಪ ಜೋರು.

"ಕಸ್ತೂರಿ, ಈ ಕೊಡದಾಗ ಪಾಯಿಖಾನಿ ಮಾತು ಬರಾಕತ್ತಾವ," ಅಂದಳು. "ಒಂದು ಹುಡುಗಿ 'ಯವ್ವಾ, ಆತು' ಅಂತ ಒದರತೈತಿ. ಬಾವಿ ಕಟ್ಟಿ ಮ್ಯಾಲೆ ಯಾರರೆ ಹಂಗ ಒದರತಾರೇನು? ಬಗ್ಗಿಸಿ ತೋರಸತೀನಿ, ನೀನಽ ಕೇಳು."

ಹಿಂದಿನ ದಿನ ತಾನೇ ಓಣಿಯವರು, ಆ ಜನಕ್ಕೆ ಬೇರೆ ಬಾವಿ ತೋರಿಸಿ ಎಂದು ಪುರಸಭೆಗೆ ಅರ್ಜಿ ಕೊಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ಮನಿ ಮಠ ಕಳಕೊಂಡು ಬಂದಾರ. ಅವರ ದನಿ ಕೇಳಿದ್ರೂ ನಿಮಗ ಮೈಲಿಗಿ ಆಕ್ಕೈತೇನು? ಹುಡುಗ್ರು ಎಲ್ಲಿ ಬೇಕಾದಲ್ಲಿ ಒದರತಾವ. ನಿಮ್ಮ ಕೊಡ ಬಗ್ಗಿಸಿ ಕೇಳೂದು ನನಗ ಬೇಕಾಗಿಲ್ಲ, ಹೋಗ್ರಿ."

ಅವಳು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು. ನ್ಯಾಯದ ಮಾತು ಆಡಿದೆನೆಂಬ ತೃಪ್ತಿಯಲ್ಲಿ ನಾನು ಬಾಗಿಲು ಹಾಕಿಕೊಂಡೆ.

ಹತ್ತನೆಯ ದಿನ ಬೇನೆ ಶುರುವಾಯಿತು. ಅಕ್ಕಿ ತೊಳೆದ ನೀರಿನಂಥ ಭೇದಿ, ನಿಲ್ಲದ ವಾಂತಿ. ಮಧ್ಯಾಹ್ನಕ್ಕೆ ಆರು ಮಂದಿ, ಸಂಜೆಗೆ ಇಪ್ಪತ್ತೆರಡು. ತಾಲೂಕಿನಿಂದ ಬಂದ ಡಾಕ್ಟರ್ ಸುರೇಖಾ ಗೋದಾಮಿನಲ್ಲಿ ಮಂಚ ಹಾಕಿಸಿದರು. "ನೀರು ಹೇಗಿದೆ?" ಎಂದು ಅವರು ಕೇಳಿದ ಮೊದಲ ಪ್ರಶ್ನೆಗೆ ನಾನು, "ಬಾವಿ ನನ್ನ ಕೈಯಾಗ ಐತ್ರಿ ಮೇಡಂ, ಅದರ ಚಿಂತಿ ಬಿಡ್ರಿ," ಅಂದೆ. ನೊಣ ಇರಬೇಕು, ಕೈ ತೊಳೆಯುತ್ತಿಲ್ಲ, ಹಳಸಿದ ಅನ್ನ ತಿಂದಿದ್ದಾರೆ ಎಂದು ಒಂದರ ಮೇಲೊಂದು ಕಾರಣ ಕೊಟ್ಟೆ. ಮೈಯ ನೀರೆಲ್ಲ ಹೋಗುತ್ತಿದೆ, ಹೆಚ್ಚು ಹೆಚ್ಚು ಕುಡಿಯಿರಿ ಎಂದು ತಾಡಪತ್ರಿ ತಾಡಪತ್ರಿಗೆ ಹೋಗಿ ಹೇಳಿದೆ. ಗಂಜಿಮನೆಯ ಒಲೆಗೆ ಸಾಲುವಷ್ಟು ಬಿಟ್ಟರೆ, ಕುದಿಸಲು ಒಣಗಿದ ಒಂದು ಕಟ್ಟಿಗೆಯೂ ಎಲ್ಲೂ ಇರಲಿಲ್ಲ. ಇದ್ದರೂ ನಾನು ಕುದಿಸಿ ಅನ್ನುತ್ತಿರಲಿಲ್ಲವೇನೋ. ಉಪ್ಪು ಸಕ್ಕರೆಯ ಪುಡಿಯನ್ನು ಬಾವಿಯ ನೀರಿನಲ್ಲಿ ಕಲಸಿ ನನ್ನ ಕೈಯಾರೆ ಕುಡಿಸಿದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಬಾಳವ್ವ ಮಲಗಿದಳು. ಮಂಚಗಳು ತುಂಬಿದ್ದರಿಂದ ಅವಳ ತಾಡಪತ್ರಿಯಲ್ಲೇ ಹಾಸಿಗೆ ಹಾಕಿದೆವು. ಎರಡೇ ತಾಸಿನಲ್ಲಿ ಕಣ್ಣು ಗುಳಿಬಿದ್ದವು, ಬೆರಳ ತುದಿಗಳು ಬಹಳ ಹೊತ್ತು ನೀರಲ್ಲಿ ನೆನೆದಂತೆ ಸುಕ್ಕಾದವು. ಕೂಸನ್ನು ಎತ್ತಿಕೊಂಡು ಫಕೀರವ್ವ ಡಾಕ್ಟರನ್ನು ಕರೆತರಲು ಓಡಿದಳು. ಹೊರಗೆ ಎಲ್ಲರೂ ಗಂಜಿಯ ಸಾಲಿಗೆ ಹೋಗಿದ್ದರು. ಆ ಅಂಗಳದಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಎರಡು ಲೋಟ ಕುಡಿಸಿಯಾಗಿತ್ತು. ಹೊರಗಿನ ಗದ್ದಲ ನಿಂತದ್ದು ಆಮೇಲೆ. ಫಕೀರವ್ವ ಯಾರೂ ಏಳುವ ಮೊದಲು ಒಬ್ಬಳೇ ಸೇದಿಟ್ಟಿದ್ದ ಕೊಡವನ್ನು ಮೂರನೆಯ ಲೋಟಕ್ಕೆ ಬಗ್ಗಿಸಿದೆ.

"ಲಗೂನ ಬಾರವ್ವಾ, ಹಿಂದ ಮಂದಿ ನಿಂತೈತಿ," ಎಂದಿತು ನೀರು, ಯಾವಳೋ ಹೆಂಗಸಿನ ದನಿಯಲ್ಲಿ. ಆಮೇಲೆ ಒಂದು ಚಿಕ್ಕ ಹುಡುಗಿ ರಾಗವೆಳೆದು ಕೂಗಿತು: "ಯವ್ವಾ, ಆತು!"

ನನ್ನ ಕೈ ಅಲ್ಲೇ ನಿಂತಿತು. ಕೊಡವನ್ನು ನೆಟ್ಟಗೆ ಮಾಡಲಿಲ್ಲ. ನೀರು ಲೋಟ ತುಂಬಿ ನೆಲಕ್ಕೆ ಹರಿಯುತ್ತಾ ಇನ್ನೊಂದು ದನಿ ತೆಗೆಯಿತು. ಗಟ್ಟಿ ದನಿ, ಸ್ವಲ್ಪ ಅವಸರದ್ದು, ತಾನು ಹೇಳಿದ್ದೇ ಸರಿ ಅನ್ನುವಂಥದ್ದು.

"ಇಲ್ಲೇ ತೋಡ್ರಿ ಮೌಲಾಸಾಬ. ಹೆಣ್ಣುಮಕ್ಕಳು ಎಷ್ಟೊತ್ತು ತಡಕೋಬೇಕು? ಬಾವಿಗೇನೂ ಆಗಂಗಿಲ್ಲ."

ನನ್ನ ದನಿ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಆ ಮಾತನ್ನು ನಾನು ಬಾವಿಯ ಹತ್ತಿರ ಆಡಿರಲಿಲ್ಲ. ಗುಂಡಿಯೊಳಗೆ ಬಾಗಿ ಆಡಿದ್ದೆ, ಮೌಲಾಸಾಬನ ಹಿಮ್ಮಡಿ ಮುಳುಗಿಸಿದ್ದ ಆ ನೀರಿನ ಮೇಲೆ. ಆ ನೀರು ನಲವತ್ತು ಅಡಿ ಮಣ್ಣಿನೊಳಗೆ ಹರಿದು ಬಂದಿದೆ. ಅದರ ಹಿಂದೆ ಗುಂಡಿಯೊಳಗಿನದೆಲ್ಲ ಬಂದಿದೆ. ಬಂದದ್ದನ್ನು ಒಂಬೈನೂರು ಮಂದಿಗೆ ಕುಡಿಯಿರಿ ಎಂದವಳು ನಾನು. ಈಗಷ್ಟೇ ಎರಡು ಲೋಟ ಈ ಹುಡುಗಿಯ ಬಾಯಿಗೆ ಹಿಡಿದವಳು ನಾನು.

ಬಾಳವ್ವನ ಕಣ್ಣು ತೆರೆದಿದ್ದವು. ಅವಳೂ ಕೇಳಿದ್ದಳು.

"ಅಕ್ಕಾ, ನಿಮ್ಮ ದನಿ," ಅಂದಳು, ಗೊಗ್ಗರು ಗಂಟಲಲ್ಲಿ. ಅವಳು ನನ್ನ ಮುಖವನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಅವಳಿಗೂ ಅರ್ಥವಾಯಿತು. ಅವಳು ನನ್ನನ್ನು ಬೈಯಲಿಲ್ಲ. "ಕೂಸಿಗೆ ಇದನ್ನ ಕುಡಸಬ್ಯಾಡ್ರಿ," ಅಂದಳು.

ನಾನು ಓಡಿದೆ. ಬಾವಿಕಟ್ಟೆಯ ಮೇಲೆ, ಆಗಷ್ಟೇ ಗಂಜಿಯ ಸಾಲಿನಿಂದ ಬಂದ ನಾಲ್ಕೈದು ಹೆಂಗಸರು ಮಾತಾಡುತ್ತಾ ನೀರು ಸೇದುತ್ತಿದ್ದರು. ಒಬ್ಬಳ ಕೈಯಿಂದ ಹಗ್ಗ ಕಿತ್ತುಕೊಂಡು, ಗಂಜಿಮನೆಯಿಂದ ಈಳಿಗೆ ತಂದು ಕತ್ತರಿಸಿದೆ. ತುಂಬಿದ ಕೊಡಗಳನ್ನು ಒದ್ದು ಉರುಳಿಸಿದೆ. ನನಗೆ ಹುಚ್ಚು ಹಿಡಿಯಿತೆಂದು ಅವರು ಕೂಗಿಕೊಂಡರು. ಮೌಲಾಸಾಬ ಓಡಿ ಬಂದ. ಅವನಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅಂದೇ ಹೇಳಿದ್ದೆನಲ್ಲ ಎಂದು ಅವನು ಅನ್ನಬಹುದಿತ್ತು. ಅನ್ನಲಿ ಎಂದು ನಾನೂ ಕಾದೆ. ಅವನು ಸಲಿಕೆ ಕೈಗೆತ್ತಿಕೊಂಡು, "ಮೊದಲ ಗುಂಡಿ ಮುಚ್ಚೂಣ್ರಿ ಅಕ್ಕಾರ," ಅಂದ. ಅಷ್ಟೇ.

ಬಾಳವ್ವ ಮಧ್ಯಾಹ್ನ ಎರಡು ಗಂಟೆಗೆ ಹೋದಳು. ಸಲೈನ್ ಬಾಟಲಿ ಬಂದಿತ್ತು. ಸೂಜಿ ಚುಚ್ಚಲು ನರ ಸಿಗಲಿಲ್ಲ. ಡಾಕ್ಟರ್ ಎರಡೂ ಕೈ, ಕಾಲು, ಕೊರಳು ಹುಡುಕಿದರು.

ಅಷ್ಟು ಹೊತ್ತಿಗೆ ಮಾರುಕಟ್ಟೆಯ ಬಾಗಿಲಲ್ಲಿ ಊರಿನವರು ನೂರಾರು ಮಂದಿ ಸೇರಿದ್ದರು. ನಮ್ಮ ಓಣಿಯಲ್ಲೂ ಬೇನೆ ಹೊಕ್ಕಿತ್ತು. ನೀಲಗಂಗಕ್ಕನ ಗಂಡ ಮಲಗಿದ್ದ, ಪಕ್ಕದ ಮನೆಯ ಇಬ್ಬರು ಆಗಲೇ ತೀರಿಕೊಂಡಿದ್ದರು. ಬಂದವರೇ ಬೇನೆ ತಂದರು, ಬಾವಿಯಲ್ಲಿ ಹೊಲಸು ತೊಳೆದರು, ಇವತ್ತೇ ಅವರನ್ನು ಊರಾಚೆ ಕಳಿಸಬೇಕು ಎಂದು ಕೂಗುತ್ತಿದ್ದರು. ಕೆಲವರ ಕೈಯಲ್ಲಿ ಬಡಿಗೆ ಇದ್ದವು. ಗುಂಡಿ ಮುಚ್ಚುವುದನ್ನು ಕಂಡು ವಿಷಯ ತಿಳಿದುಕೊಂಡಿದ್ದ ನಮ್ಮ ಪುರಸಭೆಯ ಮುಖ್ಯಾಧಿಕಾರಿ ನನ್ನನ್ನು ಗೋಡೆಯ ಮರೆಗೆ ಕರೆದು, "ನೀ ಸುಮ್ಮನಿರು," ಅಂದರು. "ಅವರು ಬಾವಿ ಕೆಡಿಸಿದ್ರು ಅಂದ್ರ ಮುಗೀತು. ಹೆಂಗೂ ವಾರದಾಗ ಹೋಗೂ ಮಂದಿ. ನೀ ಇಲ್ಲೇ ಬಾಳೇವು ಮಾಡಾಕಿ."

ಆ ಕ್ಷಣದಲ್ಲಿ ನನಗೆ ಆಸೆಯಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಹತ್ತೊಂಬತ್ತು ವರ್ಷ ಸಂಪಾದಿಸಿದ್ದೆಲ್ಲ ಒಂದು ಸುಳ್ಳಿನಲ್ಲಿ ಉಳಿಯುತ್ತಿತ್ತು. ಆದರೆ ಎದುರಿಗೆ ಫಕೀರವ್ವ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗುಂಪಿನವರ ಬಡಿಗೆಗಳು ಹೋಗುತ್ತಿದ್ದದ್ದು ಅವಳ ಕಡೆಗೆ.

ಹತ್ತಿ ತೂಗುವ ಕಟ್ಟೆಯನ್ನು ಹತ್ತಿದೆ. "ಬಾವಿ ಕೆಡಿಸಿದಾಕಿ ನಾನು," ಅಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದೆ. "ಇವರದೇನೂ ತಪ್ಪಿಲ್ಲ. ಗುಂಡಿ ಎಲ್ಲಿ ತೋಡಬೇಕು ಅಂತ ತೋರಿಸಿದಾಕಿ ನಾನು. ಹತ್ರ ಆತು ಅಂತ ಮೌಲಾಸಾಬ ಹೇಳಿದ, ನಾ ಕೇಳಲಿಲ್ಲ. ನೀರಾಗ ಪಾಯಿಖಾನಿ ಮಾತು ಬರತಾವ ಅಂತ ನೀಲಗಂಗಕ್ಕ ಹೇಳಿದ್ಲು, ಆಕಿನ್ನ ಬೈದು ಕಳಿಸಿದೆ. ಹೊಡಿಯೂದಿದ್ರ ನನ್ನ ಹೊಡೀರಿ."

ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿತ್ತು. ಗುಂಪಿನ ನಡುವಿನಿಂದ ನೀಲಗಂಗಕ್ಕ ಮುಂದೆ ಬಂದು ಕಟ್ಟೆಯ ಕೆಳಗೆ ನಿಂತಳು. ಗಂಡನ ವಾಂತಿ ತೊಳೆದ ಕೈ ಇನ್ನೂ ಒದ್ದೆಯಾಗಿತ್ತು. "ಒಂದು ತಂಬಗಿ ಬಗ್ಗಿಸಿ ಕೇಳಬಾರದಾಗಿತ್ತೇನ ಕಸ್ತೂರಿ?" ಅಂದಳು. "ಒಂದಽ ಒಂದು ತಂಬಗಿ?" ಮೂರು ದಿನ ಮೊದಲು. ನಾನು ಲೆಕ್ಕ ಹಾಕಿದೆ. ಬಾಳವ್ವ ಆಗ ಚೆನ್ನಾಗಿದ್ದಳು.

ಬಡಿಗೆಗಳು ಕೆಳಗಿಳಿದವು. ಓಣಿಯ ಗಂಡಸರು ಒಬ್ಬೊಬ್ಬರಾಗಿ ಮನೆಗೆ ಹೋಗಿ ಸಲಿಕೆ ಬುಟ್ಟಿ ತಂದು ಮೌಲಾಸಾಬನ ಜೊತೆ ಸೇರಿದರು. ಗುಂಡಿಗಳನ್ನು ಸುಣ್ಣ ಹಾಕಿ ಮುಚ್ಚಿದರು. ಬಂಡೆಯಾಚೆ ಹೊಸ ಗುಂಡಿಗಳನ್ನು ಮರುದಿನ ಮಧ್ಯಾಹ್ನದೊಳಗೆ ತೋಡಿದರು. ಅವನು ಅಂದು ಹೇಳಿದ್ದಷ್ಟೇ ಹೊತ್ತು ಹಿಡಿಯಿತು. ದೂರದ ಊರಿನಿಂದ ಟ್ಯಾಂಕರ್ ನೀರು ತರಿಸಿ ಐದು ಸಾವಿರ ಲೀಟರಿನ ಕಪ್ಪು ಟಾಕಿಗೆ ತುಂಬಿಸತೊಡಗಿದೆವು. ಒಟ್ಟು ಹನ್ನೊಂದು ಮಂದಿ ತೀರಿಕೊಂಡರು. ಎಂಟು ಜನ ಅಂಗಳದವರು, ಮೂವರು ನಮ್ಮ ಓಣಿಯವರು. ನೀಲಗಂಗಕ್ಕನ ಗಂಡ ಉಳಿದ. ಕೂಸೂ ಉಳಿಯಿತು.

ಬಾಳವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ ಫಕೀರವ್ವನ ಹತ್ತಿರ ಹೋದೆ. ಎದುರಿಗೆ ಕೂತೆ. ಕೂಸಿಗೆ ಚಮಚದಲ್ಲಿ ಹಾಲು ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

"ನೀ ಹೇಳಿದ್ದೆಲ್ಲಾ ಮಾಡಿದ್ವಿ," ಅಂದಳು. "ಕೈ ತೊಳಕೊಂಡ್ವಿ. ಕೊಡ ಮುಚ್ಚಿದ್ವಿ. ಸೂರಿನ ನೀರು ಕುಡಿಯಾಕ ಹತ್ತಿದವರ ಕೈಯಾಗಿಂದ ಕಸಗೊಂಡು ಚೆಲ್ಲಿದೆ ನಾನು. ಅವರು ಅದನ್ನಽ ಕುಡದಿದ್ರ ಉಳೀತಿದ್ರು." ಇನ್ನೊಂದು ಚಮಚ ಹಾಕಿ ಅಂದಳು: "ನಿನ್ನ ಮಾತು ನಾ ನೂರು ಮಂದಿಗೆ ಮುಟ್ಟಿಸೀನಿ. ನನ್ನ ಸೊಸಿಗೆ ಮೊದಲ ಮುಟ್ಟಿಸೀನಿ."

ಹನ್ನೊಂದು ಸಾವುಗಳಲ್ಲಿ ಅವಳು ತನ್ನ ಪಾಲನ್ನೂ ಹುಡುಕುತ್ತಿದ್ದಾಳೆಂದು ಆಗ ತಿಳಿಯಿತು. ಅದಕ್ಕಿಂತ ದೊಡ್ಡ ಪೆಟ್ಟು ನನಗೆ ಯಾವುದೂ ಬೀಳಲಿಲ್ಲ. ಅದು ನಿನ್ನದಲ್ಲ ಯವ್ವಾ, ಅಷ್ಟೂ ನನ್ನದು ಅಂದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಕೂಸಿನ ಬಾಯಿ ಒರೆಸಿ, ಮೊದಲ ಸಲ ನನ್ನ ಮುಖ ನೋಡಿದಳು.

"ನೀರು ಚಲೋ ಐತೋ ಕೆಟ್ಟೈತೋ ನೋಡೂದು ಹೆಂಗ? ನನಗ ಕಲಿಸು. ಇನ್ನ ಮ್ಯಾಲೆ ನಿನ್ನ ಮಾತಿನ ಮ್ಯಾಲೆ ಯಾರಿಗೂ ಕುಡೀರಿ ಅನ್ನಂಗಿಲ್ಲ."

ಡಾಕ್ಟರ್ ಸುರೇಖಾ ಒಂದು ಪುಟ್ಟ ಡಬ್ಬಿ ತರಿಸಿದ್ದರು. ಗಾಜಿನ ಕೊಳವೆಗೆ ನೀರು ತುಂಬಿ ಔಷಧದ ನಾಲ್ಕು ಹನಿ ಹಾಕಿದರೆ ಬಣ್ಣ ಏರುತ್ತದೆ. ಡಬ್ಬಿಯ ಮೇಲಿನ ಗುರುತಿನಷ್ಟು ಹಳದಿ ಬಂದರೆ ಕುಡಿಯಬಹುದು, ಅದಕ್ಕಿಂತ ತೆಳುವಾದರೆ ಇಲ್ಲ. ಅಕ್ಷರ ಬಾರದ ಫಕೀರವ್ವ ಅದನ್ನು ಒಂದು ಬೆಳಿಗ್ಗೆಯಲ್ಲಿ ಕಲಿತಳು. ಅಂದಿನಿಂದ ದಿನಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಟಾಕಿಯ ಹತ್ತಿರ ಬರುತ್ತಿದ್ದಳು. ಕೊಳವೆಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಒಂಬೈನೂರು ಮಂದಿ, ನಮ್ಮ ಓಣಿಯವರೂ, ನಾನೂ ಅವಳು ತಲೆಯಾಡಿಸುವವರೆಗೆ ಕೊಡ ಹಿಡಿದು ನಿಲ್ಲುತ್ತಿದ್ದೆವು. ನನ್ನ ಜೊತೆ ಕೆಲಸದ ಮಾತು ಬಿಟ್ಟರೆ ಇನ್ನೊಂದು ಮಾತು ಅವಳು ಆಡಲಿಲ್ಲ. ನಾನೂ ಕೇಳಲು ಹೋಗಲಿಲ್ಲ.

ಒಂದು ಬೆಳಿಗ್ಗೆ ಟ್ಯಾಂಕರ್ ತಡವಾಗಿ ಬಂತು. ಬಿಸಿಲು ಏರಿತ್ತು, ಮಕ್ಕಳು ಅಳುತ್ತಿದ್ದವು, ಸಾಲು ಗೇಟಿನವರೆಗೆ ಇತ್ತು. ಪುಡಿ ನಾನೇ ಅಳೆದು ಕಲಸಿದ್ದೆ. ನೀರು ತಿಳಿಯಾಗಿತ್ತು, ವಾಸನೆಯೂ ಬರುತ್ತಿತ್ತು. ಫಕೀರವ್ವ ಕೊಳವೆಯನ್ನು ಎತ್ತಿ ಹಿಡಿದಳು. ಬಹಳ ಹೊತ್ತು ನೋಡಿದಳು. ಸಾಲಿನಲ್ಲಿ ಯಾರೋ, "ಯಕ್ಕಾ, ಲಗೂ ಹೂಂ ಅನ್ನು," ಎಂದು ಕೂಗಿದರು. ಬಣ್ಣ ಬಂದಿತ್ತೆಂದೇ ನನಗೆ ಕಂಡಿತು, ತೀರ ತೆಳು ಹಳದಿ. ನಡೆಯುತ್ತದೆ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು.

"ಚೆಲ್ಲು," ಅಂದಳು ಫಕೀರವ್ವ.

ನಾನು ಬಾಗಿ, ಟಾಕಿಯ ತಳದ ನಲ್ಲಿಯನ್ನು ಪೂರ್ತಿ ತಿರುಗಿಸಿದೆ.